ಓಡಾಡಲು ನೆರವಾಗುವ ಸಾಧನಗಳು: ಮನೆಯೊಳಗೆ ಯಾವುದು, ಹೊರಗೆ ಯಾವುದು?

ಸಂಜೆನಡಿಗೆ:

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರಿಗೆ ಪಾರ್ಶ್ವವಾಯುವಾಗಿ ಎಡಗೈ ಮತ್ತು ಎಡಗಾಲಿನ ಶಕ್ತಿ ಕುಂದಿದೆ. ಬಲಭಾಗ ಚೆನ್ನಾಗಿದೆ. ಯಾರಾದರೂ ಪಕ್ಕದಲ್ಲಿದ್ದರೆ ಎದ್ದು ನಿಲ್ಲುತ್ತಾರೆ, ಕೋಣೆಯೊಳಗೆ ಕೆಲವು ಹೆಜ್ಜೆ ಇಡುತ್ತಾರೆ, ಆದರೆ ಎಡಗೈಯಿಂದ ಏನನ್ನೂ ಗಟ್ಟಿಯಾಗಿ ಹಿಡಿಯಲಾರರು. ತಾಯಿಯವರಿಗೆ ಎರಡೂ ಮಂಡಿಗಳಲ್ಲಿ ಸಂಧಿವಾತವಿದ್ದು, ಬಲ ಮಂಡಿಯ ನೋವು ಹೆಚ್ಚು. ಅವರು ಈಗಾಗಲೇ ಒಂದು ಕೋಲನ್ನು ಬಲಗೈಯಲ್ಲಿ ಹಿಡಿದು ನಡೆಯುತ್ತಾರೆ.

ಒಂದು ವಾಕರ್ ಮತ್ತು ಒಂದು ಗಾಲಿಕುರ್ಚಿ ತಂದಿಟ್ಟರೆ ಇಬ್ಬರಿಗೂ ಸಾಕಾಗುತ್ತದೆ ಎಂದು ಬಂಧುಗಳು ಹೇಳುತ್ತಿದ್ದಾರೆ. ಆದರೆ ನೋಡಲು ಹೋದರೆ ಗಾಲಿಯಿಲ್ಲದ ವಾಕರ್, ಎರಡು ಗಾಲಿಯದು, ನಾಲ್ಕು ಗಾಲಿಯದು, ಒಂದೇ ಪಾದದ ಕೋಲು, ನಾಲ್ಕು ಪಾದದ ಕೋಲು, ಮಡಚುವ ಕುರ್ಚಿ, ಮಡಚದ ಕುರ್ಚಿ ಎಂದು ಸಾಲು ಮುಗಿಯುವುದೇ ಇಲ್ಲ. ಅನುಭವವುಳ್ಳವರು ಆಯ್ಕೆಯನ್ನು ಎಲ್ಲಿಂದ ಆರಂಭಿಸಬೇಕೆಂದು ತಿಳಿಸಿದರೆ ಉಪಕಾರವಾಗುತ್ತದೆ. ಬಚ್ಚಲುಮನೆಯ ಬಾಗಿಲು ತೆರೆದಾಗ ಸಿಗುವ ಅಗಲ 66 ಸೆಂ.ಮೀ. ಮುಂಬಾಗಿಲಿನ ಹೊರಗೆ ತಲಾ 15 ಸೆಂ.ಮೀ. ಎತ್ತರದ ಮೂರು ಮೆಟ್ಟಿಲುಗಳಿವೆ.

ಅಳತೆಪಟ್ಟಿ:

ನಾನು ಫಿಸಿಯೋಥೆರಪಿಸ್ಟ್. ಕಣ್ಣಾರೆ ನೋಡದ ವ್ಯಕ್ತಿಗೆ ಇಂಥದ್ದೇ ಸಾಧನ ಬೇಕೆಂದು ಹೇಳುವುದು ಸರಿಯಲ್ಲ, ಹಾಗಾಗಿ ತಂದೆಯವರನ್ನು ಪರೀಕ್ಷಿಸಿರುವ ಚಿಕಿತ್ಸಕರ ಅಭಿಪ್ರಾಯವೇ ಮುಖ್ಯವೆಂದು ಇಟ್ಟುಕೊಳ್ಳಿ. ಆದರೂ ಇಬ್ಬರಿಗೂ ಒಂದೇ ವಾಕರ್ ಎಂಬ ಯೋಚನೆಯನ್ನು ಈಗಲೇ ಬಿಡಬಹುದು. ಸಾಮಾನ್ಯ ವಾಕರ್‌ಗೆ ಎರಡೂ ಕೈಗಳ ಹಿಡಿತ ಬೇಕು. ಒಂದೇ ಕೈಯಿಂದ ಅದನ್ನು ಎತ್ತಿದರೆ ಅಥವಾ ತಳ್ಳಿದರೆ ಅದು ಓರೆಯಾಗಿ ತಿರುಗುತ್ತದೆ, ಹಿಡಿದವರು ಅದರೊಂದಿಗೇ ವಾಲುತ್ತಾರೆ.

ಆಯ್ಕೆಯನ್ನು ಸಾಧನದಿಂದ ಆರಂಭಿಸಬೇಡಿ. ಅವರು ದಿನವೂ ಸಾಗಬೇಕಾದ ದಾರಿಗಳಿಂದ ಆರಂಭಿಸಿ. ರಾತ್ರಿ ಹಾಸಿಗೆಯಿಂದ ಶೌಚಾಲಯಕ್ಕೆ, ಬೆಳಿಗ್ಗೆ ಕೋಣೆಯಿಂದ ಊಟದ ಮೇಜಿಗೆ, ವಾರಕ್ಕೊಮ್ಮೆ ಮುಂಬಾಗಿಲಿನಿಂದ ವಾಹನಕ್ಕೆ, ಅಲ್ಲಿಂದ ಆಸ್ಪತ್ರೆಯ ಉದ್ದನೆಯ ಮೊಗಸಾಲೆಗೆ. ಈ ಒಂದೊಂದು ದಾರಿಗೂ ದೂರ ಎಷ್ಟು, ನೆಲ ಯಾವುದು, ಬೆಳಕು ಹೇಗಿದೆ, ಆ ಹೊತ್ತಿನಲ್ಲಿ ಜೊತೆಗೆ ಯಾರಿರುತ್ತಾರೆ, ಕೈಯಲ್ಲಿ ಏನನ್ನಾದರೂ ಒಯ್ಯಬೇಕೇ ಎಂಬುದನ್ನು ಬರೆದುಕೊಂಡರೆ, ಒಂದೇ ಸಾಧನ ಎಲ್ಲ ದಾರಿಗಳಿಗೂ ಹೊಂದುವುದಿಲ್ಲ ಎಂಬುದು ಕಾಗದದ ಮೇಲೆಯೇ ಕಾಣುತ್ತದೆ. ಇವುಗಳಲ್ಲಿ ಅತ್ಯಂತ ಮುಖ್ಯವಾದುದು ರಾತ್ರಿಯ ದಾರಿ. ನಿದ್ದೆಗಣ್ಣು, ಅವಸರ, ಮಂದ ಬೆಳಕು, ಮಲಗಿದ್ದವರು ಥಟ್ಟನೆ ಎದ್ದಾಗ ಇಳಿಯುವ ರಕ್ತದೊತ್ತಡ, ಇವೆಲ್ಲವೂ ಅಲ್ಲಿ ಒಟ್ಟಿಗೆ ಸೇರುತ್ತವೆ. ಆ ಒಂದು ದಾರಿಗಾಗಿ ಹಾಸಿಗೆಯ ಪಕ್ಕದಲ್ಲೇ ಕಮೋಡ್ ಕುರ್ಚಿ ಇಡುವುದು ಎಷ್ಟೋ ಸಲ ಉತ್ತಮ ಊರುಗೋಲಿಗಿಂತಲೂ ಹೆಚ್ಚು ರಕ್ಷಣೆ ಕೊಡುತ್ತದೆ.

ತಂದೆಯವರ ವಿಷಯಕ್ಕೆ ಬರುತ್ತೇನೆ. ಒಂದು ಕೈ ಮಾತ್ರ ಕೆಲಸ ಮಾಡುವವರು ಹೆಚ್ಚಾಗಿ ಬಳಸುವುದು ನಾಲ್ಕು ಪಾದದ ಕೋಲು. ಅದು ತಾನಾಗಿ ನಿಲ್ಲುತ್ತದೆ, ಒಂದೇ ಪಾದದ ಕೋಲಿಗಿಂತ ಹೆಚ್ಚು ಆಧಾರ ಕೊಡುತ್ತದೆ. ಅದು ಸಾಲದಿದ್ದರೆ ಒಂದೇ ಕೈಯಿಂದ ಹಿಡಿಯುವ, ಅಗಲವಾದ ಬುಡವಿರುವ ಪಕ್ಕದ ವಾಕರ್ ಸಿಗುತ್ತದೆ. ಕೋಲನ್ನು ಬಲಗೈಯಲ್ಲಿ ಹಿಡಿದು, ಮೊದಲು ಕೋಲು, ಆಮೇಲೆ ಎಡಗಾಲು, ಕೊನೆಗೆ ಬಲಗಾಲು ಎಂಬ ಕ್ರಮದಲ್ಲಿ ನಡೆಯುವುದನ್ನು ಕಲಿಸುತ್ತೇವೆ. ನಾಲ್ಕು ಪಾದಗಳೂ ಒಟ್ಟಿಗೆ ನೆಲ ಮುಟ್ಟಬೇಕು. ಅವಸರದಲ್ಲಿ ನಡೆಯುವವರ ಕೋಲು ಹಿಂದಿನ ಎರಡು ಪಾದಗಳಿಂದ ಮುಂದಿನ ಎರಡಕ್ಕೆ ವಾಲುತ್ತಾ ಹೋಗುತ್ತದೆ, ಆಗ ಅದರಿಂದ ಪ್ರಯೋಜನಕ್ಕಿಂತ ಅಪಾಯವೇ ಹೆಚ್ಚು. ಪಾದಗಳಲ್ಲಿ ಹೆಚ್ಚು ಹೊರಚಾಚಿರುವ ಭಾಗವು ದೇಹದಿಂದ ಆಚೆಗಿರಬೇಕು, ಇಲ್ಲವಾದರೆ ಕಾಲು ಅದಕ್ಕೇ ಎಡವುತ್ತದೆ.

ತಾಯಿಯವರು ಕೋಲನ್ನು ಎಡಗೈಗೆ ಬದಲಾಯಿಸಬೇಕು. ನೋವಿರುವ ಕಾಲಿನ ಪಕ್ಕದಲ್ಲೇ ಕೋಲು ಇರಬೇಕೆಂದು ಬಹುತೇಕರು ಭಾವಿಸುತ್ತಾರೆ, ಆದರೆ ಹಾಗೆ ಹಿಡಿದಾಗ ದೇಹವು ನೋಯುವ ಕಾಲಿನ ಕಡೆಗೇ ವಾಲುತ್ತದೆ. ಎದುರು ಕೈಯಲ್ಲಿದ್ದರೆ ಕೋಲು ಮತ್ತು ನೋಯುವ ಕಾಲು ಒಟ್ಟಿಗೆ ಮುಂದೆ ಹೋಗುತ್ತವೆ, ಭಾರ ಎರಡಕ್ಕೂ ಹಂಚಿಹೋಗುತ್ತದೆ, ನಡಿಗೆಯ ಸಹಜ ಲಯವೂ ಉಳಿಯುತ್ತದೆ. ಎತ್ತರವನ್ನು ಹೀಗೆ ನೋಡಿ: ಹೊರಗೆ ಹಾಕುವ ಪಾದರಕ್ಷೆಯನ್ನೇ ಹಾಕಿಕೊಂಡು ನೇರವಾಗಿ ನಿಂತು, ತೋಳನ್ನು ಸಡಿಲವಾಗಿ ಇಳಿಬಿಟ್ಟಾಗ ಮಣಿಕಟ್ಟಿನ ಗೆರೆ ಎಲ್ಲಿ ಬರುತ್ತದೋ ಹಿಡಿಯ ಮೇಲ್ಭಾಗ ಅಲ್ಲಿರಬೇಕು. ಹಿಡಿದಾಗ ಮೊಣಕೈ 15ರಿಂದ 30 ಡಿಗ್ರಿಯಷ್ಟು ಬಾಗಿರುತ್ತದೆ. ವಾಕರ್‌ನ ಎತ್ತರಕ್ಕೂ ಇದೇ ಅಳತೆ. ಕೋಲು ಎತ್ತರವಾದರೆ ಭುಜ ಮೇಲೆದ್ದು ನೋಯುತ್ತದೆ, ಗಿಡ್ಡವಾದರೆ ಬೆನ್ನು ಬಾಗುತ್ತದೆ.

ಗಾಲಿಯಾತ್ರಿಕ:

ಬೆನ್ನುಹುರಿಗೆ ಪೆಟ್ಟಾದ ನಂತರ ಹಲವು ವರ್ಷಗಳಿಂದ ಗಾಲಿಕುರ್ಚಿಯಲ್ಲೇ ಓಡಾಡುತ್ತಿರುವವನು ನಾನು. ಮೇಲಿನವರು ಕೋಲಿನ ಎತ್ತರಕ್ಕೆ ಕೊಟ್ಟಷ್ಟೇ ಗಮನವನ್ನು ಕುರ್ಚಿಯ ಅಳತೆಗೂ ಕೊಡಬೇಕೆಂದು ಕೋರುತ್ತೇನೆ, ಏಕೆಂದರೆ ಕುರ್ಚಿಯೆಂದರೆ ಯಾರಿಗಾದರೂ ಆಗುವ ಒಂದೇ ಅಳತೆಯ ವಸ್ತು ಎಂಬ ಭಾವನೆ ಬಲವಾಗಿದೆ.

ಕುಳಿತಾಗ ಸೊಂಟದ ಅತಿ ಅಗಲದ ಭಾಗವನ್ನು ಅಳೆದು, ಎರಡೂ ಪಕ್ಕ ಸೇರಿ ಸುಮಾರು 2.5ರಿಂದ 5 ಸೆಂ.ಮೀ. ಸಡಿಲವಿದ್ದರೆ ಸಾಕು. ಅದಕ್ಕಿಂತ ಅಗಲವಾದ ಸೀಟಿನಲ್ಲಿ ದೇಹ ಒಂದು ಪಕ್ಕಕ್ಕೆ ಕುಸಿಯುತ್ತದೆ. ಎಡಭಾಗದ ಹಿಡಿತ ಕಡಿಮೆಯಿರುವವರಿಗಂತೂ ಇದು ಬೇಗ ಆಗುತ್ತದೆ. ಅಲ್ಲದೆ ಗಾಲಿಗಳು ದೂರವಾಗಿ ತೋಳು ಚಾಚಿ ತಳ್ಳಬೇಕಾಗುತ್ತದೆ, ಕುರ್ಚಿಯ ಒಟ್ಟು ಅಗಲ ಹೆಚ್ಚಾಗಿ ಬಾಗಿಲಿನಲ್ಲಿ ಸಿಕ್ಕಿಕೊಳ್ಳುತ್ತದೆ. ಸೀಟಿನ ಆಳದಲ್ಲಿ ಮಂಡಿಯ ಹಿಂಭಾಗಕ್ಕೂ ಸೀಟಿನ ಅಂಚಿಗೂ ನಡುವೆ ಎರಡು ಮೂರು ಬೆರಳಿನಷ್ಟು ಜಾಗ ಬಿಡಬೇಕು. ಆಳ ಹೆಚ್ಚಾದರೆ ಬೆನ್ನು ಒರಗಿಗೆ ತಗುಲುವುದಿಲ್ಲ, ಕುಳಿತವರು ಮುಂದಕ್ಕೆ ಜಾರುತ್ತಲೇ ಇರುತ್ತಾರೆ. ಪಾದದ ಹಲಗೆ ತೀರ ಮೇಲಿದ್ದರೆ ತೊಡೆ ಎದ್ದು, ಭಾರವೆಲ್ಲ ಕುಳಿತುಕೊಳ್ಳುವ ಮೂಳೆಗಳ ಮೇಲೆ ಬೀಳುತ್ತದೆ.

ತಂದೆಯವರಿಗೆ ಒಂದು ವಿಶೇಷ ಸೂಚನೆ. ಒಂದು ಕೈ, ಒಂದು ಕಾಲು ಚೆನ್ನಾಗಿರುವವರು ಬಲಗೈಯಿಂದ ಗಾಲಿಯನ್ನು ತಳ್ಳುತ್ತಾ ಬಲಗಾಲಿನಿಂದ ನೆಲವನ್ನು ಮೀಟುತ್ತಾ ಕುರ್ಚಿಯನ್ನು ತಾವೇ ನಡೆಸಬಲ್ಲರು. ಇದಕ್ಕೆ ಹಿಮ್ಮಡಿ ನೆಲಕ್ಕೆ ಪೂರ್ತಿ ತಗುಲಬೇಕು. ಸಾಮಾನ್ಯ ಕುರ್ಚಿಯ ಸೀಟು ನೆಲದಿಂದ ಸುಮಾರು 50 ಸೆಂ.ಮೀ. ಎತ್ತರವಿರುತ್ತದೆ, ಇಂಥವರಿಗೆಂದೇ ಸುಮಾರು 5 ಸೆಂ.ಮೀ. ತಗ್ಗಿಸಿದ ಕುರ್ಚಿಗಳಿವೆ. ಬಲಗಾಲಿನ ಕಡೆಯ ಪಾದದ ಹಲಗೆಯನ್ನು ಕಳಚಿಡಬೇಕು. ಎಡಗಡೆಯ ಬ್ರೇಕಿಗೆ ಉದ್ದನೆಯ ಹಿಡಿ ಜೋಡಿಸಿದರೆ ಬಲಗೈಯಿಂದಲೇ ಅದನ್ನು ಹಾಕಬಹುದು. ಮೆತ್ತೆಯನ್ನು ಅಳತೆ ಮಾಡುವಾಗಲೇ ಇಟ್ಟು ನೋಡಿ, ಏಕೆಂದರೆ ಮೆತ್ತೆ ಬಂದ ಮೇಲೆ ಎತ್ತರ ಮತ್ತೆ ಹೆಚ್ಚುತ್ತದೆ.

ಸಂಜೆನಡಿಗೆ:

ಇಬ್ಬರಿಗೂ ಧನ್ಯವಾದಗಳು. ತಾಯಿಯವರು ಇಂದು ಕೋಲನ್ನು ಎಡಗೈಗೆ ಬದಲಾಯಿಸಿಕೊಂಡಿದ್ದಾರೆ, ವಿಚಿತ್ರವಾಗಿದೆ ಎನ್ನುತ್ತಲೇ ನಡೆಯುತ್ತಿದ್ದಾರೆ. ಬಾಗಿಲು ಮತ್ತು ಮೆಟ್ಟಿಲುಗಳ ಬಗ್ಗೆ ಯಾರಾದರೂ ತಿಳಿಸುವಿರಾ? ಮೆಟ್ಟಿಲುಗಳ ಮೇಲೆ ಮರದ ಹಲಗೆಯೊಂದನ್ನು ಇಳಿಜಾರಾಗಿ ಹಾಸಿಬಿಡೋಣವೆಂದು ತಮ್ಮ ಹೇಳುತ್ತಿದ್ದಾನೆ.

ಹೊಸ್ತಿಲಾಚೆ:

ಮನೆಗಳನ್ನು ಹಿರಿಯರಿಗೂ ಅಂಗವಿಕಲರಿಗೂ ಅನುಕೂಲವಾಗುವಂತೆ ಮಾರ್ಪಡಿಸುವ ಕೆಲಸ ನನ್ನದು. ಹಲಗೆ ಹಾಸುವ ಮುನ್ನ ಲೆಕ್ಕ ಹಾಕೋಣ. ಗಾಲಿಕುರ್ಚಿಯ ಇಳಿಜಾರಿಗೆ ವ್ಯಾಪಕವಾಗಿ ಒಪ್ಪಿರುವ ಪ್ರಮಾಣ 1:12, ಅಂದರೆ ಒಂದು ಅಳತೆ ಎತ್ತರಕ್ಕೆ ಹನ್ನೆರಡು ಅಳತೆ ಉದ್ದ. ನಿಮ್ಮ ಮೂರು ಮೆಟ್ಟಿಲುಗಳು ಸೇರಿ 45 ಸೆಂ.ಮೀ. ಆಗುವುದರಿಂದ ಇಳಿಜಾರು 5.4 ಮೀಟರ್ ಉದ್ದವಿರಬೇಕು. ಎರಡು ಮೀಟರಿನ ಹಲಗೆ ಹಾಸಿದರೆ ಕುರ್ಚಿಯನ್ನು ಮೇಲಕ್ಕೆ ತಳ್ಳುವವರ ಬೆನ್ನು ಮುರಿಯುತ್ತದೆ, ಇಳಿಯುವಾಗ ಕುಳಿತವರು ಮುಂದಕ್ಕೆ ಉರುಳುತ್ತಾರೆ. ಅಷ್ಟು ಉದ್ದಕ್ಕೆ ಜಾಗವಿಲ್ಲದಿದ್ದರೆ ನಡುವೆ ಸಮತಟ್ಟಾದ ತಂಗುಜಾಗ ಬಿಟ್ಟು ಇಳಿಜಾರನ್ನು ಹಿಂದಕ್ಕೆ ತಿರುಗಿಸಬಹುದು. ಎರಡೂ ಅಂಚುಗಳಲ್ಲಿ ಗಾಲಿ ಕೆಳಕ್ಕೆ ಜಾರದಂತೆ ತಡೆಪಟ್ಟಿಯಿರಲಿ, ಮೇಲ್ಮೈ ಒದ್ದೆಯಾದರೂ ಜಾರಬಾರದು.

ತಂದೆಯವರು ಮೆಟ್ಟಿಲನ್ನು ನಡೆದೇ ಹತ್ತುವಷ್ಟು ಚೇತರಿಸಿಕೊಂಡರೆ ಕೈಕಂಬಿಗಳನ್ನು ಎರಡೂ ಪಕ್ಕ ಹಾಕಿಸಿ. ಒಂದೇ ಪಕ್ಕಕ್ಕಿದ್ದರೆ ಏರುವಾಗ ಬಲಗೈಗೆ ಸಿಕ್ಕಿದ ಕಂಬಿ ಇಳಿಯುವಾಗ ಎಡಗೈಯ ಕಡೆಗೆ ಬರುತ್ತದೆ, ಆ ಕೈ ಹಿಡಿಯಲಾರದು. ಕಟ್ಟುವವರು ಇದನ್ನು ಸದಾ ಮರೆಯುತ್ತಾರೆ.

ಈಗ ಬಾಗಿಲು. ಕೈಯಿಂದ ತಳ್ಳುವ ಕುರ್ಚಿಯ ಒಟ್ಟು ಅಗಲವು ಸೀಟಿನ ಅಗಲಕ್ಕಿಂತ ಸುಮಾರು 20 ಸೆಂ.ಮೀ. ಹೆಚ್ಚಿರುತ್ತದೆ. 45 ಸೆಂ.ಮೀ. ಸೀಟಿನ ಕುರ್ಚಿ ಸುಮಾರು 65 ಸೆಂ.ಮೀ. ಆಗುತ್ತದೆ, ನಿಮ್ಮ 66 ಸೆಂ.ಮೀ. ಬಾಗಿಲಿನಲ್ಲಿ ಅದು ಲೆಕ್ಕಕ್ಕೆ ಹಿಡಿಸಿದರೂ ಗಾಲಿಯ ಮೇಲಿನ ಬೆರಳುಗಳಿಗೆ ಜಾಗವಿರುವುದಿಲ್ಲ. ಸಲೀಸಾಗಿ ಹಾದುಹೋಗಲು 80 ಸೆಂ.ಮೀ.ಗಿಂತ ತುಸು ಹೆಚ್ಚು ಅಗಲ ಬೇಕೆಂದು ಕಟ್ಟಡದ ಮಾನದಂಡಗಳು ಹೇಳುತ್ತವೆ, ಕುರ್ಚಿ ಒಳಗೆ ಪೂರ್ತಿ ತಿರುಗಲು ಸುಮಾರು 1.5 ಮೀಟರ್ ವ್ಯಾಸದ ಖಾಲಿ ನೆಲ ಬೇಕು. ಚೌಕಟ್ಟನ್ನು ಒಡೆಯುವ ಮೊದಲು ಕೀಲನ್ನು ಬದಲಿಸಿ ನೋಡಿ: ಬಾಗಿಲನ್ನು ಚೌಕಟ್ಟಿನಿಂದ ಪೂರ್ತಿ ಆಚೆಗೆ ಸರಿಸುವ ಬಾಗುಕೀಲುಗಳಿವೆ, ಅವು ಬಾಗಿಲಿನ ದಪ್ಪದಷ್ಟು, ಅಂದರೆ ನಾಲ್ಕೈದು ಸೆಂ.ಮೀ. ಅಗಲವನ್ನು ಮರಳಿಸುತ್ತವೆ. ಅದೂ ಸಾಲದಿದ್ದರೆ ದೊಡ್ಡ ಕುರ್ಚಿಯನ್ನು ಹೊರಗೇ ಬಿಟ್ಟು, ಚಿಕ್ಕ ಗಾಲಿಗಳ ಕಿರಿದಾದ ಸ್ನಾನದ ಕುರ್ಚಿಯಲ್ಲಿ ಒಳಗೆ ಕರೆದೊಯ್ಯಬಹುದು. ಅಂಥವುಗಳಲ್ಲಿ ಕೆಲವನ್ನು ಕಮೋಡಿನ ಮೇಲೆಯೇ ನೇರವಾಗಿ ಸರಿಸಬಹುದು.

ಬಚ್ಚಲಿನ ಹಿಡಿಕಂಬಿಯನ್ನು ಗೋಡೆಯ ಗಟ್ಟಿ ಭಾಗಕ್ಕೆ ಬೋಲ್ಟ್ ಹಾಕಿ ಕೂರಿಸಬೇಕು. ಟವೆಲ್ ನೇತುಹಾಕುವ ಸರಳನ್ನು ಹಿಡಿದು ಎದ್ದೇಳುವ ಅಭ್ಯಾಸ ಅಪಾಯಕಾರಿ, ಅದು ಮನುಷ್ಯನ ಭಾರಕ್ಕಾಗಿ ಮಾಡಿದ್ದಲ್ಲ. ಗಾಳಿ ಎಳೆದು ಅಂಟಿಕೊಳ್ಳುವ ರಬ್ಬರ್ ಬಟ್ಟಲಿನ ಹಿಡಿಗಳನ್ನೂ ನಾನು ಪೂರ್ಣ ಭಾರಕ್ಕೆ ನಂಬುವುದಿಲ್ಲ.

ಅಳತೆಪಟ್ಟಿ:

ಹೊಸ್ತಿಲಾಚೆ ಅವರ ಮಾತಿಗೆ ಪೂರಕವಾಗಿ ಒಂದನ್ನು ಸೇರಿಸುತ್ತೇನೆ. ಹಾಸಿಗೆಯಿಂದ ಕುರ್ಚಿಗೆ, ಕುರ್ಚಿಯಿಂದ ಕಮೋಡಿಗೆ ದೇಹವನ್ನು ಸರಿಸುವಾಗ ಸಾಧ್ಯವಾದಷ್ಟೂ ಬಲವಾದ ಪಕ್ಕದ ಕಡೆಗೇ ಸರಿಸುವುದು ಸುಲಭ. ಹಾಗಾಗಿ ಕುರ್ಚಿಯನ್ನು ತಂದೆಯವರ ಬಲಕ್ಕೆ ನಿಲ್ಲಿಸಿ. ತೊಡಕು ಏನೆಂದರೆ, ಹೋಗುವಾಗ ಬಲಕ್ಕಿದ್ದದ್ದು ಮರಳುವಾಗ ಎಡಕ್ಕೆ ಬರುತ್ತದೆ. ಮರಳುವ ಮುನ್ನ ಕುರ್ಚಿಯನ್ನು ಇನ್ನೊಂದು ಪಕ್ಕಕ್ಕೆ ತಿರುಗಿಸಿ ತರುವಷ್ಟು ಜಾಗ ಇದೆಯೇ ಎಂಬುದನ್ನು ಬಚ್ಚಲಿನಲ್ಲಿ ನಿಂತು ನೋಡಿ. ಹಾಸಿಗೆಯ ಎತ್ತರವೂ ಮುಖ್ಯ: ಅಂಚಿನಲ್ಲಿ ಕುಳಿತಾಗ ಪಾದಗಳು ಪೂರ್ತಿ ನೆಲ ಮುಟ್ಟಬೇಕು, ಸೊಂಟವು ಮಂಡಿಗಿಂತ ತುಸು ಮೇಲಿದ್ದರೆ ಏಳುವುದು ಹಗುರ. ತಗ್ಗಿನ ಮೆತ್ತನೆಯ ಸೋಫಾದಿಂದ ಎಬ್ಬಿಸಲು ಇಬ್ಬರು ಬೇಕಾಗುವವರನ್ನು ಎತ್ತರದ ಗಟ್ಟಿ ಕುರ್ಚಿಯಿಂದ ಒಬ್ಬರೇ ಎಬ್ಬಿಸಬಹುದು.

ಎಬ್ಬಿಸುವಾಗ ಎಡತೋಳನ್ನು ಹಿಡಿದು ಎಳೆಯಬೇಡಿ. ಪಾರ್ಶ್ವವಾಯುವಿನ ನಂತರ ಆ ಭುಜದ ಕೀಲನ್ನು ಹಿಡಿದಿಡುವ ಸ್ನಾಯುಗಳು ಸಡಿಲವಾಗಿರುತ್ತವೆ, ಎಳೆದರೆ ಕೀಲು ಜಾರುತ್ತದೆ. ಸೊಂಟಕ್ಕೆ ಕಟ್ಟುವ ಅಗಲವಾದ ಪಟ್ಟಿಯನ್ನು ಹಿಡಿದು ಎಬ್ಬಿಸುವುದನ್ನು ಚಿಕಿತ್ಸಕರಿಂದ ಕಲಿಯಿರಿ. ಇನ್ನೊಂದು ಸಂಗತಿಯನ್ನೂ ಗಮನಿಸಿ. ಎಡಭಾಗಕ್ಕೆ ಪಾರ್ಶ್ವವಾಯುವಾದವರಲ್ಲಿ ಕೆಲವರಿಗೆ ಎಡಗಡೆಯ ಜಗತ್ತೇ ಮನಸ್ಸಿಗೆ ಬಾರದು: ಎಡಪಾದ ಹಲಗೆಯಿಂದ ಜಾರಿ ನೆಲದಲ್ಲಿ ಎಳೆದುಕೊಂಡು ಬರುತ್ತಿದ್ದರೂ ತಿಳಿಯದು, ಎಡಗಡೆಯ ಬ್ರೇಕ್ ನೆನಪಿಗೆ ಬಾರದು, ಬಾಗಿಲಿನ ಎಡ ಚೌಕಟ್ಟಿಗೆ ಕುರ್ಚಿ ಬಡಿಯುತ್ತಲೇ ಇರುತ್ತದೆ. ಅಂಥವರು ಕುರ್ಚಿಯನ್ನು ತಾವೇ ನಡೆಸುವ ಮುನ್ನ ಸಾಕಷ್ಟು ತರಬೇತಿ ಬೇಕು, ವಿದ್ಯುತ್ ಕುರ್ಚಿಯ ಮಾತನ್ನು ಸದ್ಯಕ್ಕೆ ಬದಿಗಿಡಬೇಕು.

ಕಾಲ್ನಡಿಗೆಯೇ ಸರಿ:

ಎಲ್ಲರೂ ಗಾಲಿಕುರ್ಚಿಯನ್ನು ಇಷ್ಟು ಸುಲಭವಾಗಿ ಒಪ್ಪುತ್ತಿರುವುದು ನನಗೆ ಸರಿ ಕಾಣುತ್ತಿಲ್ಲ. ಒಮ್ಮೆ ಕುರ್ಚಿಯಲ್ಲಿ ಕುಳಿತವರು ಮತ್ತೆ ನಡೆಯುವ ಪ್ರಯತ್ನವನ್ನೇ ಬಿಡುತ್ತಾರೆ, ಸ್ನಾಯುಗಳು ಸೊರಗುತ್ತವೆ. ನಮ್ಮ ಅತ್ತೆಯವರ ವಿಷಯದಲ್ಲಿ ಹಾಗೆಯೇ ಆಯಿತು. ನಾಲ್ಕು ಹೆಜ್ಜೆಯಾದರೂ ಸರಿ, ನಡೆಸಬೇಕೆಂಬುದು ನನ್ನ ಅಭಿಪ್ರಾಯ.

ಅಳತೆಪಟ್ಟಿ:

ನಿಮ್ಮ ಆತಂಕ ನಿರಾಧಾರವಾದುದಲ್ಲ. ಬಳಸದ ಸ್ನಾಯು ಸೊರಗುತ್ತದೆ, ಮಂಡಿ ಮತ್ತು ಸೊಂಟದ ಕೀಲುಗಳು ಬಾಗಿದ ಸ್ಥಿತಿಯಲ್ಲೇ ಬಿಗಿಯುತ್ತವೆ. ಆದ್ದರಿಂದ ನಡಿಗೆಯ ಅಭ್ಯಾಸ ಖಂಡಿತ ಬೇಕು. ಆದರೆ ಅಭ್ಯಾಸಕ್ಕಾಗಿ ನಡೆಯುವುದು ಬೇರೆ, ಒಂದು ಕಡೆಯಿಂದ ಇನ್ನೊಂದು ಕಡೆಗೆ ತಲುಪಲೇಬೇಕಾಗಿ ನಡೆಯುವುದು ಬೇರೆ. ಊಟದ ಮೇಜಿಗೆ ನಡೆದುಹೋಗಿ ದಣಿದವರು ಊಟವನ್ನೇ ಸರಿಯಾಗಿ ಮಾಡುವುದಿಲ್ಲ. ವೈದ್ಯರ ಕೋಣೆಯವರೆಗೆ ನಡೆದವರು ಅಲ್ಲಿ ಮಾತನಾಡಲಾರದಷ್ಟು ಸುಸ್ತಾಗಿರುತ್ತಾರೆ. ಬೆಳಿಗ್ಗೆ ದಣಿವಿಲ್ಲದ ಹೊತ್ತಿನಲ್ಲಿ ಯಾರಾದರೂ ಪಕ್ಕದಲ್ಲಿದ್ದು ನಡೆಸಿ, ಉಳಿದ ದಿನದ ದೂರದ ಓಡಾಟಗಳಿಗೆ ಕುರ್ಚಿ ಬಳಸುವುದು ಎಷ್ಟೋ ಜನರಿಗೆ ಸರಿಹೊಂದುತ್ತದೆ. ಪರಸ್ಪರ ವಿರೋಧಿಗಳೆಂಬಂತೆ ಇವೆರಡನ್ನೂ ಎದುರುಬದುರು ನಿಲ್ಲಿಸುವುದೇ ತಪ್ಪು.

ಗಾಲಿಯಾತ್ರಿಕ:

ನಾನು ಇನ್ನೂ ಖಾರವಾಗಿ ಹೇಳಬೇಕೆಂದಿದ್ದೆ. ಕುರ್ಚಿ ಮನುಷ್ಯನನ್ನು ಕೂರಿಸಿಬಿಡುತ್ತದೆ ಎನ್ನುವವರು, ಕುರ್ಚಿಯಿಲ್ಲದೆ ಕೋಣೆಯಲ್ಲೇ ಕುಳಿತುಬಿಟ್ಟವರನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಯಾರೋ ಎತ್ತಿಕೊಂಡು ಹೋಗಲಿ ಎಂದು ಕಾಯುವುದಕ್ಕಿಂತ ನನಗೆ ಬೇಕಾದಾಗ ಕಿಟಕಿಯ ಬಳಿಗೋ ಹೊರಗಿನ ಬಿಸಿಲಿಗೋ ಹೋಗುವುದು ನನ್ನ ಆರೋಗ್ಯಕ್ಕೆ ಹೆಚ್ಚು ಒಳ್ಳೆಯದು. ಸಹಾಯಕ ಸಾಧನಗಳ ಕುರಿತು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2022ರಲ್ಲಿ ಹೊರತಂದ ಜಾಗತಿಕ ವರದಿಯ ಪ್ರಕಾರ 250 ಕೋಟಿಗೂ ಹೆಚ್ಚು ಜನರಿಗೆ ಒಂದಲ್ಲ ಒಂದು ಸಾಧನ ಬೇಕಾಗಿದೆ. ಕನ್ನಡಕವೂ ಶ್ರವಣಯಂತ್ರವೂ ಆ ಲೆಕ್ಕದಲ್ಲಿವೆ. ಕನ್ನಡಕ ಹಾಕಿಕೊಂಡರೆ ಕಣ್ಣು ಸೋಮಾರಿಯಾಗುತ್ತದೆಂದು ಯಾರೂ ತಡೆಯುವುದಿಲ್ಲ. ಗಾಲಿ ಬಂದಾಗ ಮಾತ್ರ ಎಲ್ಲರಿಗೂ ಸ್ನಾಯುವಿನ ಚಿಂತೆ.

ಆದರೆ ಒಂದು ಮಾತನ್ನು ಒಪ್ಪುತ್ತೇನೆ. ಅಳತೆ ತಪ್ಪಿದ, ಭಾರವಾದ, ಮೆತ್ತೆಯಿಲ್ಲದ ಕುರ್ಚಿಯಲ್ಲಿ ದಿನವಿಡೀ ಕೂರಿಸಿದರೆ ನೀವು ಹೇಳಿದ ಕೆಡುಕುಗಳೆಲ್ಲ ಆಗುತ್ತವೆ, ಜೊತೆಗೆ ಒತ್ತಡದ ಹುಣ್ಣುಗಳೂ ಆಗುತ್ತವೆ. ಆ ಹುಣ್ಣು ಚರ್ಮದ ಮೇಲೆ ಮಾಯದ ಕೆಂಪು ಕಲೆಯಾಗಿ ಕಾಣಿಸಿಕೊಳ್ಳುತ್ತದೆ, ಕಪ್ಪು ಚರ್ಮದಲ್ಲಿ ಕೆಂಪು ಕಾಣದೆ ಬಣ್ಣದ ಬದಲಾವಣೆ, ಬಿಸಿ ಅಥವಾ ಗಡಸುತನವಷ್ಟೇ ಇರಬಹುದು. ಮೆತ್ತೆ ನೊರೆಯದೋ ಜೆಲ್ಲಿನದೋ ಗಾಳಿಯದೋ ಎಂಬುದು ಚರ್ಮದ ಸ್ಪರ್ಶಜ್ಞಾನ ಮತ್ತು ಕೂರುವ ಅವಧಿಯ ಮೇಲೆ ಹೋಗುತ್ತದೆ. ಯಾವ ಮೆತ್ತೆಯಿದ್ದರೂ 15ರಿಂದ 30 ನಿಮಿಷಕ್ಕೊಮ್ಮೆ ಭಾರವನ್ನು ಅತ್ತಿತ್ತ ಬದಲಿಸಲೇಬೇಕು. ಗಾಳಿಯ ಮೆತ್ತೆಯಲ್ಲಿ ಗಾಳಿ ಇಳಿದಿದೆಯೇ ಎಂದು ಪದೇ ಪದೇ ನೋಡಬೇಕು, ಇಳಿದರೆ ಅದು ಬರಿಯ ಬಟ್ಟೆಗೆ ಸಮ. ಮಧ್ಯದಲ್ಲಿ ತೂತಿರುವ ಉಂಗುರದಂಥ ಮೆತ್ತೆಯನ್ನು ಮಾತ್ರ ತರಬೇಡಿ, ಅದು ಅಂಚಿನ ಸುತ್ತ ರಕ್ತಸಂಚಾರವನ್ನು ತಡೆಯುತ್ತದೆ.

ಕಾಲ್ನಡಿಗೆಯೇ ಸರಿ:

ಅತ್ತೆಯವರ ಕುರ್ಚಿಗೆ ಮೆತ್ತೆಯೇ ಇರಲಿಲ್ಲ, ಅಳತೆಯನ್ನೂ ಯಾರೂ ನೋಡಿರಲಿಲ್ಲ. ಆದರೂ ನಡಿಗೆಯ ಅಭ್ಯಾಸಕ್ಕೆ ದಿನದಲ್ಲಿ ಒಂದು ಹೊತ್ತನ್ನು ಗೊತ್ತುಮಾಡದಿದ್ದರೆ ಅದು ತಾನಾಗಿ ತಪ್ಪಿಹೋಗುತ್ತದೆ ಎಂಬ ನನ್ನ ಮಾತು ಉಳಿಯಿತು.

ಅಳತೆಪಟ್ಟಿ:

ಆ ಮಾತಿಗೆ ನನ್ನ ಪೂರ್ಣ ಸಹಮತವಿದೆ.

ನಾಲ್ಕುಗಾಲಿ:

ತಾಯಿಯವರ ಬಗ್ಗೆ ಹೆಚ್ಚು ಮಾತು ಬಂದಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ನನಗೂ ಮಂಡಿಗಳದ್ದೇ ತೊಂದರೆ. ಮನೆಯೊಳಗೆ ಕೋಲು ಸಾಕಾಗುತ್ತದೆ, ಹೊರಗೆ ನಾನು ಬಳಸುವುದು ನಾಲ್ಕು ಗಾಲಿ, ಕೈಬ್ರೇಕು ಮತ್ತು ಸೀಟು ಇರುವ ರೋಲೇಟರ್. ಇದನ್ನು 1978ರಲ್ಲಿ ರೂಪಿಸಿದವರು ಸ್ವೀಡನ್ನಿನ ಐನಾ ವಿಫಾಲ್ಕ್, ಸ್ವತಃ ಪೋಲಿಯೋದಿಂದ ಬಾಧಿತರಾಗಿದ್ದ ಮಹಿಳೆ. ಬಳಸುವಾಗ ಆಗಾಗ ಆ ಸಂಗತಿ ನೆನಪಾಗುತ್ತದೆ, ಏಕೆಂದರೆ ದಣಿದಾಗ ಕೂರಲು ಜಾಗ ಬೇಕೆಂಬುದು ನಡೆದು ದಣಿದವರಿಗೇ ಹೊಳೆಯುವ ಯೋಚನೆ.

ಕೆಲವು ಎಚ್ಚರಿಕೆಗಳು. ರೋಲೇಟರ್ ಸಮತೋಲನಕ್ಕೆ ಒಳ್ಳೆಯದು, ಭಾರವೆಲ್ಲ ಹೇರಿ ಒರಗಲು ಅಲ್ಲ. ಒರಗಿದರೆ ಅದು ಮುಂದಕ್ಕೋಡುತ್ತದೆ. ಭಾರ ಹೇರಲೇಬೇಕಾದವರಿಗೆ ಗಾಲಿಯಿಲ್ಲದ ಅಥವಾ ಮುಂದೆ ಮಾತ್ರ ಎರಡು ಗಾಲಿಯಿರುವ ವಾಕರ್ ಸೂಕ್ತ. ಕೂರುವ ಮುನ್ನ ಎರಡೂ ಬ್ರೇಕುಗಳನ್ನು ಕೆಳಕ್ಕೊತ್ತಿ ಬಿಗಿಗೊಳಿಸಬೇಕು, ಸಾಧ್ಯವಾದರೆ ಗೋಡೆಗೆ ತಾಗಿಸಿ ನಿಲ್ಲಿಸಬೇಕು. ಕುಳಿತವರನ್ನು ಹಾಗೆಯೇ ತಳ್ಳಿಕೊಂಡು ಹೋಗುವುದನ್ನು ಕಂಡಿದ್ದೇನೆ, ಅದು ಅದಕ್ಕಾಗಿ ಮಾಡಿದ್ದಲ್ಲ; ಚಿಕ್ಕ ಗಾಲಿ ಒಂದು ಕಲ್ಲಿಗೆ ತಡೆದರೆ ಕುಳಿತವರು ಹಿಮ್ಮುಖವಾಗಿ ಬೀಳುತ್ತಾರೆ. ಪಾರ್ಕಿನ್ಸನ್ ಕಾಯಿಲೆಯಿಂದ ಹೆಜ್ಜೆಗಳು ತಾವಾಗಿ ವೇಗ ಪಡೆಯುವವರಿಗೆ ಸಾಮಾನ್ಯ ರೋಲೇಟರ್ ಅಪಾಯ. ಅವರಿಗೆಂದೇ, ಹಿಡಿಯನ್ನು ಒತ್ತಿದಾಗ ಮಾತ್ರ ಚಲಿಸಿ ಕೈಬಿಟ್ಟರೆ ನಿಲ್ಲುವ ತಿರುವುಮುರುವು ಬ್ರೇಕಿನ ಬಗೆ ಇದೆ.

ಕುರ್ಚಿಯಿಂದ ಏಳುವಾಗ ವಾಕರನ್ನೋ ರೋಲೇಟರನ್ನೋ ಹಿಡಿದು ಎಳೆದುಕೊಳ್ಳಬಾರದು, ಕುರ್ಚಿಯ ಕೈಗಳನ್ನು ಒತ್ತಿ ಎದ್ದು ಆಮೇಲೆ ಹಿಡಿಯಬೇಕು. ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ನೆಲದ ಮೇಲಿನ ಸಡಿಲವಾದ ಚಾಪೆ, ಕಾಲೊರಸುಗಳನ್ನು ತೆಗೆದುಬಿಡಿ.

ಸಂಜೆನಡಿಗೆ:

ತಾಯಿಯವರಿಗೆ ಇದನ್ನು ಓದಿ ಹೇಳಿದೆ. ಸೀಟಿನ ವಿಷಯ ಅವರಿಗೆ ಬಹಳ ಹಿಡಿಸಿತು. ಹೊರಗಿನ ಓಡಾಟಕ್ಕೆ ತಂದೆಯವರಿಗೆ ವಿದ್ಯುತ್ ಗಾಲಿಕುರ್ಚಿ ಅಥವಾ ನಡೆಯಲು ಕಷ್ಟವಾದವರಿಗೆಂದೇ ಇರುವ ಮೂರು-ನಾಲ್ಕು ಗಾಲಿಯ ವಿದ್ಯುತ್ ಸ್ಕೂಟರ್ ಯೋಚಿಸಬಹುದೇ? ನಾನೊಬ್ಬಳೇ ಕುರ್ಚಿಯನ್ನು ಕಾರಿಗೆ ಎತ್ತಿಡಬೇಕಾಗುತ್ತದೆ.

ಗಾಲಿಯಾತ್ರಿಕ:

ಮಡಚುವ ಕುರ್ಚಿ ಹುಟ್ಟಿದ್ದೇ ಕಾರಿಗಾಗಿ. ಗಣಿ ಅಪಘಾತದಲ್ಲಿ ನಡೆಯುವ ಶಕ್ತಿ ಕಳೆದುಕೊಂಡಿದ್ದ ಹರ್ಬರ್ಟ್ ಎವರೆಸ್ಟ್ ಎಂಬ ಅಮೆರಿಕದ ಎಂಜಿನಿಯರ್, ಗೆಳೆಯ ಹ್ಯಾರಿ ಜೆನ್ನಿಂಗ್ಸ್ ಜೊತೆಗೂಡಿ 1930ರ ದಶಕದಲ್ಲಿ ಕತ್ತರಿಯಾಕಾರದಲ್ಲಿ ಮಡಚುವ ಉಕ್ಕಿನ ಕುರ್ಚಿಯನ್ನು ರೂಪಿಸಿದರು, ಇಂದಿಗೂ ಎಲ್ಲೆಡೆ ಕಾಣುವುದು ಅದರದೇ ಸಂತತಿ. ಸಾಮಾನ್ಯ ಉಕ್ಕಿನ ಕುರ್ಚಿ 16ರಿಂದ 18 ಕೆ.ಜಿ. ತೂಗುತ್ತದೆ. ಪಾದದ ಹಲಗೆ ಮತ್ತು ಮೆತ್ತೆಯನ್ನು ಬೇರ್ಪಡಿಸಿದರೆ ಎತ್ತುವಾಗ ತುಸು ಹಗುರವಾಗುತ್ತದೆ, ಆದರೂ ನೀವೊಬ್ಬರೇ ಎತ್ತುವುದಾದರೆ ಅಲ್ಯೂಮಿನಿಯಂ ಚೌಕಟ್ಟಿನ ಹಗುರ ಕುರ್ಚಿ ನೋಡಿ. ಖರೀದಿಸುವ ಮುನ್ನ ನಿಮ್ಮ ಕಾರಿನ ಹಿಂಬದಿಗೆ ನಿಜವಾಗಿ ಎತ್ತಿಟ್ಟು ನೋಡುವುದು ಅಗತ್ಯ. ಒರಟು ನೆಲದಲ್ಲಿ ಹೆಚ್ಚು ಓಡಾಟವಿದ್ದರೆ ಮುಂದಿನ ಗಾಲಿಗಳು ದೊಡ್ಡವಿರಲಿ, ಚಿಕ್ಕವು ನಯವಾದ ನೆಲದಲ್ಲಿ ಚುರುಕಾಗಿ ತಿರುಗಿದರೂ ಪ್ರತಿ ಬಿರುಕಿನಲ್ಲೂ ಸಿಕ್ಕಿಬೀಳುತ್ತವೆ.

ಸ್ಕೂಟರ್ ನಡೆಸಲು ಆಸರೆಯಿಲ್ಲದೆ ನೆಟ್ಟಗೆ ಕೂರುವ ಶಕ್ತಿ ಬೇಕು, ಸಾಮಾನ್ಯವಾಗಿ ಎರಡೂ ಕೈಗಳಿಂದ ಹಿಡಿ ತಿರುಗಿಸಬೇಕು. ತಂದೆಯವರ ಎಡಗೈಯ ಸ್ಥಿತಿಯಲ್ಲಿ ಅದು ಕಷ್ಟ. ವಿದ್ಯುತ್ ಕುರ್ಚಿಯ ಚಾಲನಾಕಡ್ಡಿಯನ್ನು ಬಲಗೈಯ ಕಡೆಗೆ ಕೂರಿಸಬಹುದು, ಆದರೆ ಮೇಲೆ ಹೇಳಿದ ಎಡಭಾಗದ ಗಮನದ ಪರೀಕ್ಷೆ ಆಗಲೇಬೇಕು. ಅಲ್ಲದೆ ಹೆಚ್ಚಿನ ವಿದ್ಯುತ್ ಕುರ್ಚಿಗಳನ್ನು ಒಬ್ಬರು ಎತ್ತಲಾರರು. ಲಿಥಿಯಂ ಬ್ಯಾಟರಿಯ ಮಡಚುವ ಹಗುರ ಕುರ್ಚಿಗಳಿವೆ. ವಿಮಾನದಲ್ಲಿ ಒಯ್ಯುವ ಯೋಚನೆಯಿದ್ದರೆ ಬ್ಯಾಟರಿಯ ವ್ಯಾಟ್-ಗಂಟೆಯ ಅಳತೆಯನ್ನು ಮೊದಲೇ ಬರೆದಿಟ್ಟುಕೊಂಡು ವಿಮಾನ ಸಂಸ್ಥೆಗೆ ಮುಂಚಿತವಾಗಿ ತಿಳಿಸಬೇಕು. ಕುಳಿತ ಕುರ್ಚಿಯಲ್ಲೇ ವಾಹನದಲ್ಲಿ ಪ್ರಯಾಣಿಸುವುದಾದರೆ ಐಎಸ್ಒ 7176-19 ಮಾನದಂಡದಂತೆ ಅಪಘಾತ ಪರೀಕ್ಷೆಗೆ ಒಳಪಟ್ಟ ಕುರ್ಚಿಯೇ ಬೇಕು, ಅದನ್ನು ನಾಲ್ಕು ಕಡೆ ವಾಹನದ ನೆಲಕ್ಕೆ ಬಿಗಿಯಬೇಕು. ಸಾಮಾನ್ಯ ಮಡಚುವ ಕುರ್ಚಿಯಾದರೆ ತಂದೆಯವರನ್ನು ಕಾರಿನ ಸೀಟಿಗೇ ಸರಿಸಿ.

ಸಂಜೆನಡಿಗೆ:

ಎಲ್ಲರ ಮಾತುಗಳನ್ನು ಮುಂದಿಟ್ಟುಕೊಂಡು ತಂದೆಯವರ ಚಿಕಿತ್ಸಕರೊಂದಿಗೆ ಮಾತನಾಡಿದೆವು. ನಾಲ್ಕು ಪಾದದ ಕೋಲನ್ನು ಅವರ ಎದುರಿನಲ್ಲೇ ಅಭ್ಯಾಸ ಮಾಡಿಸಲಿದ್ದಾರೆ. ತಗ್ಗಿನ ಸೀಟಿನ ಕುರ್ಚಿಯನ್ನು ಮೊದಲು ಬಾಡಿಗೆಗೆ ತಂದು ನೋಡುವುದೆಂದು ನಿರ್ಧರಿಸಿದ್ದೇವೆ. ಹಾಸಿಗೆಯ ಪಕ್ಕಕ್ಕೆ ಕಮೋಡ್ ಕುರ್ಚಿ ಬಂದಿದೆ. ತಂದೆಯವರಿಗೆ ಅದು ಇಷ್ಟವಿಲ್ಲ, ರಾತ್ರಿ ಮಾತ್ರ ಇರಲಿ, ಬೆಳಗಾಗುತ್ತಲೇ ಕಣ್ಣಿಗೆ ಕಾಣದಂತೆ ತೆಗೆದಿಡಿ ಎಂಬ ಷರತ್ತಿನ ಮೇಲೆ ಒಪ್ಪಿದ್ದಾರೆ. ಬಂಧುಗಳೊಬ್ಬರ ಮನೆಯಲ್ಲಿ ಬಳಕೆಯಾಗದೆ ನಿಂತಿರುವ ಹಳೆಯ ಗಾಲಿಕುರ್ಚಿಯೊಂದಿದೆಯಂತೆ, ಅದರ ಅಳತೆಯೂ ಹೊಂದುತ್ತದೆ. ತೆಗೆದುಕೊಳ್ಳುವ ಮುನ್ನ ಅದರಲ್ಲಿ ಏನನ್ನು ನೋಡಬೇಕು?

ಹೊಸ್ತಿಲಾಚೆ:

ತಂದೆಯವರ ಷರತ್ತನ್ನು ಚಾಚೂ ತಪ್ಪದೆ ಪಾಲಿಸಿ.

ಗಾಲಿಯಾತ್ರಿಕ:

ಹಳೆಯ ಕುರ್ಚಿಯನ್ನು ಸಮತಟ್ಟಾದ ನೆಲದಲ್ಲಿ ಖಾಲಿಯಾಗಿ ತಳ್ಳಿಬಿಡಿ. ನೇರವಾಗಿ ಹೋಗದೆ ಒಂದು ಪಕ್ಕಕ್ಕೆ ಎಳೆದರೆ ಚೌಕಟ್ಟು ಸೊಟ್ಟಗಾಗಿದೆ ಅಥವಾ ಮುಂದಿನ ಗಾಲಿಯ ಬೇರಿಂಗ್ ಸವೆದಿದೆ. ಸೀಟಿನ ಬಟ್ಟೆ ಜೋಲುಬಿದ್ದಿದ್ದರೆ ತೊಡೆಗಳು ಒಳಕ್ಕೆ ಕೂಡಿಕೊಳ್ಳುತ್ತವೆ, ಬಟ್ಟೆಯನ್ನು ಬದಲಿಸಬೇಕು. ಬೆಸುಗೆಯ ಜಾಗಗಳಲ್ಲಿ, ವಿಶೇಷವಾಗಿ ಕತ್ತರಿಯಂಥ ಅಡ್ಡಕಂಬಿಗಳು ಕೂಡುವಲ್ಲಿ, ಕೂದಲೆಳೆಯಷ್ಟು ಬಿರುಕಿದ್ದರೂ ಆ ಕುರ್ಚಿ ಬೇಡ. ಮುಂದಿನ ಗಾಲಿಗಳ ಅಚ್ಚಿಗೆ ಸುತ್ತಿಕೊಂಡ ಕೂದಲು, ದಾರಗಳನ್ನು ತೆಗೆಯಿರಿ. ಗಾಳಿ ತುಂಬುವ ಟೈರುಗಳಾದರೆ ಅವು ಗಟ್ಟಿಯಾಗಿ ತುಂಬಿರುವಾಗಲೇ ಬ್ರೇಕನ್ನು ಪರೀಕ್ಷಿಸಿ, ಏಕೆಂದರೆ ಆ ಬ್ರೇಕು ಟೈರನ್ನು ಒತ್ತಿ ಹಿಡಿಯುವಂಥದ್ದು, ಗಾಳಿ ಇಳಿದರೆ ಹಿಡಿತವೂ ಇಳಿಯುತ್ತದೆ. ಖಾಲಿ ಕುರ್ಚಿಯಲ್ಲಿ ಹಿಡಿದ ಬ್ರೇಕು ಭಾರ ಬಿದ್ದಾಗ ಜಾರುವುದುಂಟು. ಆದ್ದರಿಂದ ತಂದೆಯವರಷ್ಟೇ ತೂಕದ ಯಾರಾದರೂ ಅದರಲ್ಲಿ ಕುಳಿತು, ಇನ್ನೊಬ್ಬರು ಹಿಂದೆ ಹಿಡಿದುಕೊಂಡು, ಸಣ್ಣ ಇಳಿಜಾರಿನಲ್ಲಿ ಎರಡೂ ಬ್ರೇಕುಗಳನ್ನು ಹಾಕಿ ನಿಲ್ಲಿಸಿ ನೋಡಿ.

ನಾಲ್ಕುಗಾಲಿ:

ತಾಯಿಯವರ ಕೋಲನ್ನೂ ಅದೇ ದಿನ ತಲೆಕೆಳಗು ಮಾಡಿ ನೋಡಿಬಿಡಿ. ತುದಿಯ ರಬ್ಬರಿನ ಗೆರೆಗಳು ಅಳಿಸಿ ನುಣುಪಾಗಿದ್ದರೆ, ಅಥವಾ ಒಂದು ಪಕ್ಕ ಮಾತ್ರ ಸವೆದು ಒಳಗಿನ ಲೋಹ ಇಣುಕುತ್ತಿದ್ದರೆ, ಒದ್ದೆ ನೆಲಕ್ಕೆ ಅದು ತಕ್ಕುದಲ್ಲ. ಆ ರಬ್ಬರನ್ನು ಬೇರೆಯಾಗಿಯೇ ಕೊಂಡು ಬದಲಿಸಬಹುದು, ಕೋಲಿನ ಕೊಳವೆಯ ದಪ್ಪವನ್ನು ಅಳೆದುಕೊಂಡು ಹೋಗಿ.